ಕುಡಿಯದ ಕಾಫಿ

ಕಾಫಿಯ ಬೆಲೆ ನೆಲ ಕಚ್ಚಿದ ಆ ವರ್ಷಗಳಲ್ಲಿ ಜಾವಳಿ ಕಡೆಯ ಸಣ್ಣ ತೋಟದವರು ಕೂಲಿಯಾಳು ಕರೆಯುವುದನ್ನೇ ಬಿಟ್ಟಿದ್ದರು. ಹಣ್ಣು ಮಾತ್ರ ಬೆಲೆ ಕೇಳಿಕೊಂಡು ಹಣ್ಣಾಗುವುದಿಲ್ಲವಲ್ಲ. ಗಿಡದ ತುಂಬ ಕೆಂಪಗೆ ಜೋತು ಬಿದ್ದದ್ದನ್ನು ಕುಯ್ಯಲೇಬೇಕು. ಹಾಗಾಗಿ ಹಳಬರ ಕಾಲದ ಮುಯ್ಯಾಳು ಪದ್ಧತಿ ಮತ್ತೆ ಎದ್ದು ಬಂತು. ಇವತ್ತು ನಮ್ಮ ತೋಟಕ್ಕೆ ನೀವೆಲ್ಲ ಬನ್ನಿ, ನಾಳೆ ನಿಮ್ಮ ತೋಟಕ್ಕೆ ನಾವೆಲ್ಲ ಬರುತ್ತೇವೆ ಎಂಬ ಒಪ್ಪಂದ. ಒಬ್ಬರು ಬರದೆ ಉಳಿದರೆ ಊರ ಬಾಯಿಗೆ ಬಿದ್ದ ಹಾಗೇ. ಗಂಡಸರು ಚೀಲ ಹೊರುವುದು, ಕಣ ನೋಡುವುದು ಎಂದು ತಮ್ಮ ಪಾಲು ಆರಿಸಿಕೊಂಡರು. ಕೊಂಬೆ ಬಾಗಿಸಿ ಕುಯ್ಯುವುದು, ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು ಹೆಂಗಸರ ಪಾಲಿಗೆ ಉಳಿಯಿತು.

ಈ ಮುಯ್ಯಿಗೆ ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಗಳಿದ್ದವು. ತೋಟದ ಮನೆಯವರು ಕೊಟ್ಟ ಕಾಫಿಯನ್ನು ಬೇಡ ಎನ್ನುವಂತಿಲ್ಲ. ಬೆಲ್ಲ ಹಾಕಿ, ಪುಡಿಯ ಸಮೇತ ಕುದಿಸಿದ ಕಪ್ಪು ಕಾಫಿ ಅದು. ಲೋಟದ ತಳದಲ್ಲಿ ಚರಟ ನಿಲ್ಲುತ್ತಿತ್ತು. ಬೇಡವೆಂದರೆ ಆ ಮನೆಯ ನೀರು ಮುಟ್ಟುವುದಿಲ್ಲ ಎಂದಂತೆ. ಇನ್ನೊಂದು ಕಟ್ಟಳೆ ಈಚೆಗೆ ಸೇರಿಕೊಂಡದ್ದು. ಎಲೆಅಡಿಕೆಯ ತಟ್ಟೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ನೋವಿನ ಮಾತ್ರೆಯ ಹಾಳೆಯೂ ಇರಬೇಕು. ಸೊಂಟ ಹಿಡಿದವರು, ಮಂಡಿ ಊದಿದವರು ಒಂದೊಂದು ಬಿಡಿಸಿಕೊಂಡು ಬಾಯಿಗೆಸೆದು ಮತ್ತೆ ಸಾಲಿಗೆ ಹೋಗುತ್ತಿದ್ದರು. ಮಾತ್ರೆ ಇಡದ ಮನೆಯವರನ್ನು ಜುಗ್ಗರು ಎಂದು ಆಡಿಕೊಳ್ಳುವವರೆಗೆ ಅದು ಬಂದಿತ್ತು.

ವಿಮಲಮ್ಮನಿಗೆ ಈ ತಟ್ಟೆಯನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೆ ಗಂಡ ತೀರಿಕೊಂಡ ಮೇಲೆ ತುಂಡು ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಹೆಂಗಸು, ಊರಿನೊಂದಿಗೆ ಜಗಳ ತೆಗೆದು ಬದುಕುವುದು ಹೇಗೆ? ಸುಮ್ಮನಿದ್ದಳು. ತನ್ನ ಮನೆಯ ತಟ್ಟೆಯಲ್ಲೂ ಇಟ್ಟಳು. ಅವಳ ಅಕ್ಕ ರಾಮಮ್ಮನನ್ನು ಅದೇ ಊರಿನ ಬೆಳ್ಳಿಯಪ್ಪನಿಗೆ ಕೊಟ್ಟಿದ್ದರು. ಅಕ್ಕತಂಗಿಯರ ತೋಟಗಳ ನಡುವೆ ಒಂದು ಬೇಲಿ ಮಾತ್ರ. ರಾಮಮ್ಮನ ಸೊಂಟ ದೀಪಾವಳಿಯಿಂದಲೇ ಹಿಡಿದುಕೊಂಡಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಮಲಗುವ ಮುಂಚೆ ಇನ್ನೊಂದು ಎಂದು ಮಾತ್ರೆ ನುಂಗುತ್ತ, ಒಂದು ಮುಯ್ಯಿಯನ್ನೂ ತಪ್ಪಿಸದೆ ಅವಳು ಕುಯ್ಲಿಗೆ ಹೋಗುತ್ತಿದ್ದಳು. ಹೊಟ್ಟೆಗೆ ಸರಿಯಾಗಿ ಬೀಳುತ್ತಿದ್ದದ್ದು ಆ ಮಾತ್ರೆಯೊಂದೇ.

ಸಂಕ್ರಾಂತಿ ಕಳೆದ ಮೇಲೆ ಅವಳ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ಊರಿಗೆ ಬಂದ ನರ್ಸಮ್ಮ ಕಣ್ಣು ನೋಡಿ, ರಕ್ತ ಕಮ್ಮಿ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟುಹೋದಳು. ಈ ಮಾತ್ರೆಗೆ ಹೊರಕಡೆ ಕಪ್ಪಗೆ ಹೋಗುತ್ತದೆ, ಹೆದರಬೇಡಿ ಎಂದೂ ಹೇಳಿದಳು. ಆ ಮಾತು ಸುಳ್ಳಲ್ಲ. ಆದರೆ ಇಷ್ಟು ರಕ್ತ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಅಕ್ಕ ಕಾಫಿ ಕುಡಿಯುತ್ತಿಲ್ಲ ಎನ್ನುವುದು ವಿಮಲಮ್ಮನಿಗೆ ಗೊತ್ತಾದದ್ದು ಆ ದಿನಗಳಲ್ಲೇ. ಯಾರದೋ ತೋಟದಲ್ಲಿ ಎಲ್ಲರೂ ಕೂತು ಲೋಟ ಹಿಡಿದಿದ್ದಾಗ, ರಾಮಮ್ಮ ಗಿಡದ ಮರೆಗೆ ಹೋಗಿ ತನ್ನ ಲೋಟವನ್ನು ಬುಡಕ್ಕೆ ಸುರಿದು, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದಳು. ಕೇಳಿದ್ದಕ್ಕೆ, ಕುಡಿದರೆ ಎದೆಗುಂಡಿಯಲ್ಲಿ ಕೆಂಡ ಇಟ್ಟ ಹಾಗಾಗುತ್ತದೆ, ಬೇಡ ಅಂದರೆ ಇವರು ಬಿಡುತ್ತಾರ, ನೀನು ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡಳು.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಕೃಷ್ಣಮ್ಮನವರ ತೋಟದಲ್ಲಿ ಮುಯ್ಯಿ. ಕೃಷ್ಣಮ್ಮ ಊರಿಗೆ ದೊಡ್ಡ ಬಾಯಿ, ಕೈಯೂ ದೊಡ್ಡದೇ. ಕಾಫಿಯ ಜೊತೆ ಕಡುಬನ್ನೂ ತಂದಿದ್ದರು. ಸಿಲ್ವರ್ ಓಕ್ ಮರದ ನೆರಳಲ್ಲಿ ಎಲ್ಲರೂ ಕೂತರು. ರಾಮಮ್ಮ ಎಂದಿನ ಹಾಗೆ ಲೋಟ ಹಿಡಿದು ಮರೆಗೆ ಹೋಗಿ ಬಂದಳು, ಕಡುಬನ್ನು ಮುಟ್ಟಲಿಲ್ಲ. ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಏಳುವಾಗ ಒಮ್ಮೆ ತೂರಾಡಿದಳು. ಮೆಣಸಿನ ಬಳ್ಳಿ ಹಬ್ಬಿಸಿದ ಮರವನ್ನು ತಬ್ಬಿಕೊಂಡು ನಿಂತು, ಬಗ್ಗಿ ವಾಂತಿ ಮಾಡಿದಳು. ತರಗೆಲೆಯ ಮೇಲೆ ಬಿದ್ದದ್ದು ಕಂದುಗಪ್ಪು ನೀರು, ಅದರಲ್ಲಿ ಪುಡಿಪುಡಿಯಾಗಿ ಚರಟ. ಲೋಟದ ತಳದಲ್ಲಿ ಉಳಿಯುವಂಥದ್ದೇ ಚರಟ.

ಹೆಂಗಸರು ಸುತ್ತ ಸೇರಿದರು. ಕುಡಿದ ಕಾಫಿಯೆಲ್ಲ ಬಂತು, ಪಿತ್ತ ಕೆರಳಿದೆ, ನಿಂಬೆಹುಳಿ ನೆಕ್ಕಿಸಿ ಎಂದರು ಒಬ್ಬರು. ಗ್ಯಾಸ್ಟ್ರಿಕ್, ಇನ್ನೇನೂ ಅಲ್ಲ ಎಂದರು ಇನ್ನೊಬ್ಬರು. ಕೃಷ್ಣಮ್ಮನವರಿಗೆ ಮಾತ್ರ ಮುಖ ಸಣ್ಣದಾಗಿತ್ತು. ನಮ್ಮನೆ ಕಾಫಿ ಅವಳಿಗೆ ಆಗಿ ಬರ್ಲಿಲ್ಲ ಅಂತ ಕಾಣ್ತದೆ, ಹೊಸ ಪುಡಿ, ನಾನೇ ಹುರಿದದ್ದು ಎಂದು ಅವರು ಹೇಳುತ್ತಿದ್ದಾಗ ವಿಮಲಮ್ಮ ಆ ತರಗೆಲೆಯನ್ನೇ ನೋಡುತ್ತಿದ್ದಳು.

"ಅವಳು ಕಾಫಿ ಕುಡ್ದೇ ಇಲ್ಲ," ಎಂದಳು.

ಎಲ್ಲರೂ ತಿರುಗಿದರು.

"ಎಂತ? ನಾನೇ ಕೈಗೆ ಕೊಟ್ಟಿದ್ದೀನಿ," ಎಂದರು ಕೃಷ್ಣಮ್ಮ.

"ಕೊಟ್ರಿ. ಅವಳು ಗಿಡದ ಬುಡಕ್ಕೆ ಸುರಿದ್ಲು."

ಆಗ ನಡೆದದ್ದನ್ನು ನೆನೆದರೆ ವಿಮಲಮ್ಮನಿಗೆ ಎಷ್ಟೋ ವರ್ಷದ ಮೇಲೂ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಒಬ್ಬಳು ಹೆಂಗಸು ಮರ ಹಿಡಿದು ನಡುಗುತ್ತಿದ್ದಾಳೆ, ಹಣೆಯಲ್ಲಿ ತಣ್ಣನೆ ಬೆವರು, ತುಟಿಗೆ ಬಣ್ಣವಿಲ್ಲ. ಇವರಿಗೆ ಚೆಲ್ಲಿದ ಕಾಫಿಯ ಪಂಚಾಯ್ತಿ. ನಮ್ಮನೆ ಕಾಫಿ ಅಷ್ಟು ಹೀನವಾಯ್ತ, ಮೊನ್ನೆ ನಮ್ಮ ತೋಟದಲ್ಲೂ ಹೀಗೇ ಮಾಡಿದಳ, ಬಾಯಲ್ಲಿ ಹೇಳಬಾರದಿತ್ತ ಎಂದು ಒಬ್ಬೊಬ್ಬರಾಗಿ ಶುರು ಮಾಡಿದರು. ರಾಮಮ್ಮ ಅಷ್ಟು ಸಂಕಟದಲ್ಲೂ ತಂಗಿಯ ಕಡೆ, ಹೇಳಿಬಿಟ್ಟೆಯಲ್ಲ ಎನ್ನುವ ಹಾಗೆ ನೋಡಿದಳು.

"ಚೆಲ್ಲಿದ್ಲು ಮಾರಾಯ್ತಿ, ಎಲ್ಲರ ಮನೇದೂ ಚೆಲ್ಲಿದ್ಲು," ಎಂದಳು ವಿಮಲಮ್ಮ. "ಅದರ ನ್ಯಾಯ ಆಮೇಲೆ ಮಾಡಿ. ಕುಡಿಯದ ಕಾಫಿ ಹೊಟ್ಟೆಯಿಂದ ಹೆಂಗೆ ಬಂತು, ಅದನ್ನ ಹೇಳಿ ನಂಗೆ."

ಕೃಷ್ಣಮ್ಮನವರೇ ಮೊದಲು ಬಗ್ಗಿ ಆ ತರಗೆಲೆಯನ್ನು ಮೂಸಿ ನೋಡಿದರು. ಕಾಫಿಯ ವಾಸನೆ ಇರಲಿಲ್ಲ.

ವಿಮಲಮ್ಮ ಅಕ್ಕನನ್ನು ಕೂರಿಸಿಕೊಂಡು ಕಿವಿಯ ಹತ್ತಿರ ಕೇಳಿದಳು. ಕೆಳಗಿನಿಂದ ಹೇಗೆ ಹೋಗುತ್ತಿದೆ ಎಂದಳು. ರಾಮಮ್ಮ ಸುತ್ತ ನೋಡಿ, ಕಪ್ಪಗೆ, ಎಂದಳು. ಎಷ್ಟು ದಿನದಿಂದ? ದನದ ಜಾತ್ರೆಗೆ ನಿನ್ನ ಭಾವ ಹೋಗಿದ್ದರಲ್ಲ, ಅದಕ್ಕೂ ಮುಂಚಿನಿಂದ. ಅಂದರೆ ನರ್ಸಮ್ಮನ ಮಾತ್ರೆಗಿಂತ ಮುಂಚೆ. ಯಾರಿಗೂ ಹೇಳಲಿಲ್ಲವ ಎಂದದ್ದಕ್ಕೆ, ಗಂಡನಿಗೆ ಹೇಳಿದ್ದೆ ಎಂದಳು. ಥೂ, ಇದನ್ನೆಲ್ಲ ಗಂಡಸರ ಹತ್ರ ಹೇಳ್ತಾರ, ನಾಚಿಕೆ ಇಲ್ವ ಎಂದು ಆತ ಊಟದ ತಟ್ಟೆ ಬಿಟ್ಟು ಎದ್ದುಹೋಗಿದ್ದನಂತೆ. ಆಮೇಲೆ ಅವಳು ಆ ಮಾತನ್ನೇ ಎತ್ತಿರಲಿಲ್ಲ.

ಕಣದಿಂದ ಬೆಳ್ಳಿಯಪ್ಪ ಬಂದ. ಹೆಂಡತಿಯನ್ನು ನೋಡಿ ಗಾಬರಿಯಾದನೋ ಇಲ್ಲವೋ, ಮುಖದಲ್ಲಿ ಕಾಣಲಿಲ್ಲ. ಒಂದು ಸೋಡಾ ಕುಡಿಸಿ ಮಲಗಿಸಿದರೆ ಸರಿಹೋಗುತ್ತದೆ ಎಂದ. ನಾಳೆ ನಮ್ಮ ತೋಟದ ಮುಯ್ಯಿ, ಇಷ್ಟು ಜನಕ್ಕೆ ಅಡಿಗೆ ಮಾಡುವವರು ಯಾರು, ನಾಳಿದ್ದು ಬೇಕಾದರೆ ಮೂಡಿಗೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ. ಅವನು ಕೆಟ್ಟ ಮನುಷ್ಯನಲ್ಲ. ಅದೇ ವಿಮಲಮ್ಮನಿಗೆ ತಡೆಯಲಾರದ ಸಿಟ್ಟು ತಂದದ್ದು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಇವನು ಎತ್ತಿಗೆ ಜ್ವರ ಬಂದರೆ ಸಗಣಿ ಮುಟ್ಟಿ ನೋಡುವವನು, ತೆಳ್ಳಗಿದೆಯೋ ಗಟ್ಟಿಯಿದೆಯೋ ಎಂದು ದನದ ಡಾಕ್ಟರಿಗೆ ವಿವರವಾಗಿ ಹೇಳುವವನು.

"ಎತ್ತಿನದ್ದಾದ್ರೆ ಮುಟ್ಟಿ ನೋಡ್ತೀರಲ್ಲ ಭಾವ," ಎಂದಳು ಎಲ್ಲರ ಎದುರಿಗೇ. "ಕಟ್ಕೊಂಡವಳದ್ದು ಕಿವೀಲಿ ಕೇಳಕ್ಕೂ ಆಗ್ಲಿಲ್ವ ನಿಮಗೆ."

ತೋಟದ ದಾರಿಯಲ್ಲಿ ಗುಲಾಮ್ ಮುಸ್ತಫಾನ ಜೀಪು ನಿಂತಿತ್ತು. ಜೀಪು ರಿಪೇರಿ ಮಾಡುವುದೂ ಅವನೇ, ಓಡಿಸುವುದೂ ಅವನೇ. ಕುಯ್ಲಿನ ದಿನಗಳಲ್ಲಿ ಹಣ್ಣಿನ ಚೀಲ ಸಾಗಿಸುತ್ತಿದ್ದ. ವಿಮಲಮ್ಮ ಹೋಗಿ ಇಷ್ಟೇ ಹೇಳಿದಳು, ಮುಸ್ತಫಣ್ಣ, ಅಕ್ಕ ಉಳಿಯುವ ಹಾಗೆ ಕಾಣುವುದಿಲ್ಲ. ಅವನು ಹೊರಳಿ ಒಮ್ಮೆ ರಾಮಮ್ಮನನ್ನು ನೋಡಿದ, ಮತ್ತೇನೂ ಕೇಳದೆ ಹಿಂದಿನ ಚೀಲಗಳನ್ನು ಇಳಿಸತೊಡಗಿದ. ಹಣ್ಣು ಬಿಸಿಯಾಗಿ ಹಾಳಾಗುತ್ತದೆ ಎಂದು ಬೆಳ್ಳಿಯಪ್ಪ ಗೊಣಗಿದ. ಹಾಳಾದ್ರೆ ಹಾಳಾಯ್ತು ಬೆಳ್ಳಿಯಪ್ಪಣ್ಣ, ನೀವು ಆ ಕಡೆ ಹಿಡೀರಿ ಎಂದು ಮುಸ್ತಫಾ ಅವನ ಕೈಗೇ ಚೀಲ ಕೊಟ್ಟ. ಕೃಷ್ಣಮ್ಮನವರು ಮನೆಯಿಂದ ಕಂಬಳಿ ತಂದು ಜೀಪಿನಲ್ಲಿ ಹಾಸಿದರು. ಹೊರಡುವ ಹೊತ್ತಿಗೆ ಬೆಳ್ಳಿಯಪ್ಪ ಚಪ್ಪಲಿ ಹುಡುಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ.

ದಾರಿಯಲ್ಲಿ ರಾಮಮ್ಮ ನೀರು ನೀರು ಎಂದಳು. ನಾಲಿಗೆ ಒಣಗಿತ್ತು. ತಿರುವಿನಲ್ಲಿ ಎದ್ದು ಕೂರಲು ಹೋದವಳಿಗೆ ಕಣ್ಣು ಕತ್ತಲೆ ಬಂದು ವಿಮಲಮ್ಮನ ತೊಡೆಯ ಮೇಲೆ ಬಿದ್ದಳು. ಆಮೇಲೆ ಮಲಗಿಯೇ ಇದ್ದಳು. ವಿಮಲಮ್ಮ ಅವಳ ಮಣಿಕಟ್ಟು ಹಿಡಿದಿದ್ದಳು. ನಾಡಿ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಮೂಡಿಗೆರೆಯಲ್ಲಿ ಡಾಕ್ಟರ್ ತಸ್ಲೀಮಾ ಎಂಬುವವರ ಕ್ಲಿನಿಕ್ಕಿತ್ತು. ಬಾಗಿಲಲ್ಲಿ ಕೂತಿದ್ದವರನ್ನೆಲ್ಲ ಬಿಟ್ಟು ಅವರು ರಾಮಮ್ಮನನ್ನು ಒಳಗೆ ಮಲಗಿಸಿದರು. ರಕ್ತದೊತ್ತಡ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೈಗವಸು ಹಾಕಿ ಬೆರಳಿನಿಂದ ಕೆಳಗೂ ಪರೀಕ್ಷೆ ಮಾಡಿದರು. ಬೆರಳಿಗೆ ಹತ್ತಿದ್ದು ಡಾಂಬರಿನ ಹಾಗೆ ಹೊಳೆಯುತ್ತಿತ್ತು, ನಾತ ಕೋಣೆ ತುಂಬಿತು. ಕಬ್ಬಿಣದ ಮಾತ್ರೆಯಿಂದ ಆಗುವ ಕಪ್ಪು ಬೇರೆ, ಇದು ಬೇರೆ ಎಂದು ಅವರು ಹೇಳಿದರು. ಅದಕ್ಕೆ ಈ ಅಂಟಿಲ್ಲ, ಈ ನಾತವಿಲ್ಲ. ಇದು ಹೊಟ್ಟೆಯೊಳಗೆ ಸುರಿದ ರಕ್ತ, ಕರುಳಿನಲ್ಲಿ ಇಳಿದು ಬರುವಷ್ಟರಲ್ಲಿ ಕಪ್ಪಾಗಿದೆ. ವಾಂತಿಯಲ್ಲಿ ಬಂದದ್ದೂ ರಕ್ತವೇ. ಹೊಟ್ಟೆಯ ಹುಳಿಗೆ ಸಿಕ್ಕಿದ ರಕ್ತ ಕಾಫಿಯ ಚರಟದ ಹಾಗೇ ಕಾಣುತ್ತದೆ, ನಮ್ಮ ಪುಸ್ತಕದಲ್ಲಿ ಅದಕ್ಕೆ ಹಾಗೆಂದೇ ಹೆಸರು ಎಂದರು. ಎರಡೂ ಕೈಗೆ ದಪ್ಪ ಸೂಜಿ ಚುಚ್ಚಿ ಗ್ಲೂಕೋಸಿನ ಬಾಟಲಿ ಏರಿಸಿದರು, ಹುಳಿ ತಗ್ಗಿಸುವ ಇಂಜೆಕ್ಷನ್ ಕೊಟ್ಟರು. ಬಾಯಿಗೆ ಒಂದು ತೊಟ್ಟು ನೀರನ್ನೂ ಹಾಕಕೂಡದು ಎಂದರು.

ಯಾವ ಮಾತ್ರೆ ನುಂಗುತ್ತಿದ್ದರು ಎಂದು ಕೇಳಿದಾಗ ಬೆಳ್ಳಿಯಪ್ಪ ವಿಮಲಮ್ಮನ ಕಡೆ ನೋಡಿದ. ವಿಮಲಮ್ಮ ಎಲೆಅಡಿಕೆ ತಟ್ಟೆಯ ಕಥೆಯನ್ನು ಹೇಳಿದಳು. ಡಾಕ್ಟರು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

"ಖಾಲಿ ಹೊಟ್ಟೆಗೆ, ದಿನಾ, ತಿಂಗಳುಗಟ್ಟಲೆ. ಆ ಮಾತ್ರೆ ಹೊಟ್ಟೆ ಒಳಗೆ ಹುಣ್ಣು ಮಾಡಿ ರಕ್ತನಾಳನೇ ತಿಂದಿದೆ. ಇಷ್ಟು ದಿನ ಎಂತ ಮಾಡ್ತಿದ್ರಿ ನೀವೆಲ್ಲ? ಬಿಳಿಚಿಕೊಂಡಿದ್ದು ಕಾಣ್ಲಿಲ್ವ?"

ವಿಮಲಮ್ಮನ ಸಿಟ್ಟು ಆಗ ಅವರ ಮೇಲೂ ತಿರುಗಿತು. "ಕಂಡಿತ್ತು ಡಾಕ್ಟ್ರೆ. ನರ್ಸಮ್ಮನಿಗೂ ಕಂಡಿತ್ತು. ಆ ಮಾತ್ರೆನ ಚೀಟಿ ಇಲ್ದೆ ಹಾಳೆಗಟ್ಟಲೆ ಮಾರೋ ಅಂಗಡಿ ನಿಮ್ಮ ಕ್ಲಿನಿಕ್ಕಿನ ಎದುರೇ ಇದೆ. ಅವರನ್ನ ಯಾವತ್ತಾದ್ರೂ ಹಿಂಗೆ ಕೇಳಿದ್ದೀರ?"

ಇಲ್ಲ, ಕೇಳಬೇಕಿತ್ತು ಎಂದರು ಡಾಕ್ಟರು. ಆಮೇಲೆ ಚಿಕ್ಕಮಗಳೂರಿನ ಆಸ್ಪತ್ರೆಗೆ ತಾವೇ ಫೋನು ಮಾಡಿ, ರಕ್ತ ಸಿದ್ಧವಿಡಿ, ಹೊಟ್ಟೆಗೆ ಕೊಳವೆ ಬಿಟ್ಟು ನೋಡುವ ಡಾಕ್ಟರನ್ನು ಕರೆಸಿ ಎಂದು ಹೇಳಿದರು. ತಮ್ಮ ಕ್ಲಿನಿಕ್ಕಿನ ಹುಡುಗಿಯೊಬ್ಬಳನ್ನು ಬಾಟಲಿ ಹಿಡಿದುಕೊಳ್ಳಲು ಜೀಪಿಗೆ ಹತ್ತಿಸಿದರು.

ಆಲ್ದೂರು ದಾಟಿ, ವಸ್ತಾರೆ ದಾಟಿ ಚಿಕ್ಕಮಗಳೂರು ಮುಟ್ಟುವವರೆಗೆ ಮುಸ್ತಫಾ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ರಾಮಮ್ಮ ದಾರಿಯಲ್ಲಿ ಮತ್ತೊಮ್ಮೆ ಕಾರಿಕೊಂಡಳು. ಈ ಸಲ ಚರಟವಿರಲಿಲ್ಲ, ಕೆಂಪಗೇ ಇತ್ತು.

ಆಸ್ಪತ್ರೆಯಲ್ಲಿದ್ದ ರಕ್ತವನ್ನು ಮೊದಲು ಏರಿಸಿದರು. ಇನ್ನೂ ಬೇಕಾಗುತ್ತದೆ, ತೆಗೆದುಕೊಂಡದ್ದಕ್ಕೆ ಬದಲಾಗಿ ಮನೆಯವರು ಕೊಡಬೇಕು, ಯಾವ ಗುಂಪಾದರೂ ನಡೆಯುತ್ತದೆ ಎಂದರು. ವಿಮಲಮ್ಮ ತೋಳು ಚಾಚಿದಳು. ಬೆರಳು ಚುಚ್ಚಿ ನೋಡಿ, ನಿಮ್ಮದೇ ತೆಳ್ಳಗಿದೆ ಅಮ್ಮ, ನಿಮ್ಮಿಂದ ತೆಗೆಯುವ ಹಾಗಿಲ್ಲ ಎಂದುಬಿಟ್ಟರು. ಅವಳು ಹಿಂತಿರುಗಿ ನೋಡಿದಾಗ ಬೆಳ್ಳಿಯಪ್ಪ ಅಲ್ಲಿರಲಿಲ್ಲ.

ಹೊರಗಿನ ಅಂಗಡಿಯ ಬೆಂಚಿನ ಮೇಲೆ ಟೀ ಹಿಡಿದು ಕೂತಿದ್ದ. ರಕ್ತ ಕೊಟ್ಟರೆ ನಿತ್ರಾಣವಾಗುತ್ತದೆ, ಚೀಲ ಎತ್ತುವ ಕಾಲ, ಕುಯ್ಲು ಮುಗಿಯಲಿ ಎಂದು ಲೋಟದೊಳಗೆ ನೋಡುತ್ತ ಹೇಳಿದ. ವಿಮಲಮ್ಮ ಕೂಗಾಡಲಿಲ್ಲ. ಅವನ ಕೈಯಿಂದ ಲೋಟವನ್ನು ತೆಗೆದು ಬೆಂಚಿನ ಮೇಲಿಟ್ಟಳು.

"ಅವಳದ್ದು ದನದ ಜಾತ್ರೆಗೂ ಮುಂಚಿಂದ ಸುರಿತಾ ಇದೆ ಭಾವ. ಸುರಿಯೋವಾಗ್ಲೇ ನಿಮ್ಮ ಕುಯ್ಲು ಮಾಡಿದ್ದಾಳೆ. ಅವಳು ಕುಯ್ದು ತುಂಬಿಸಿದ ಚೀಲ ನಿಮಗೆ ಭಾರ ಆಗ್ತದ?"

ಆತ ಏಳಲಿಲ್ಲ. ಅಷ್ಟರಲ್ಲಿ ಮುಸ್ತಫಾ ತೋಳಿಗೆ ಹತ್ತಿ ಒತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದು ಬಂದ. ಯಾರೂ ಹೇಳದೆ ಕೊಟ್ಟುಬಂದಿದ್ದ. ಬೆಂಚಿನ ಮೇಲೆ ಬೆಳ್ಳಿಯಪ್ಪನ ಪಕ್ಕ ಕೂತು, ಎಂತದೂ ಆಗಲ್ಲ ಮಾರಾಯ, ಇರುವೆ ಕಚ್ಚಿದ ಹಂಗೆ, ಮೇಲಿಂದ ಬಿಸ್ಕೀಟು ಬೇರೆ ಕೊಡ್ತಾರೆ ಎಂದ. ಬೆಳ್ಳಿಯಪ್ಪ ಅವನ ತೋಳನ್ನು ನೋಡಿದ, ವಿಮಲಮ್ಮನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಎದ್ದು ಒಳಗೆ ಹೋದ.

ಸಂಜೆಯ ಹೊತ್ತಿಗೆ ಕೊಳವೆ ಬಿಡುವ ಡಾಕ್ಟರು ಬಂದರು. ರಾಮಮ್ಮನ ಬಾಯಿಂದ ಉದ್ದನೆಯ ಕೊಳವೆ ಇಳಿಸಿ, ತುದಿಯ ಬೆಳಕಿನಲ್ಲಿ ಒಳಗೆಲ್ಲ ನೋಡಿದರು. ಜಠರ ದಾಟಿ ಕರುಳು ಶುರುವಾಗುವಲ್ಲಿ ಹುಣ್ಣಿತ್ತು, ಅದರ ನಡುವೆ ಒಂದು ನಾಳ ಬಾಯಿ ಬಿಟ್ಟುಕೊಂಡು ಜಿನುಗುತ್ತಿತ್ತು. ಕೊಳವೆಯೊಳಗಿನಿಂದಲೇ ಸೂಜಿ ಕಳಿಸಿ ಅದರ ಸುತ್ತ ಔಷಧಿ ಚುಚ್ಚಿ ನಿಲ್ಲಿಸಿದರು. ನಿಂತಿದೆ, ಆದರೆ ಮತ್ತೆ ಬಿಚ್ಚಿಕೊಳ್ಳಬಹುದು ಎಂದು ಹೊರಗೆ ಬಂದು ಹೇಳಿದರು. ಒಳಗೆ ಉಳಿದ ಹಳೆಯ ರಕ್ತ ಇನ್ನೂ ಕೆಲವು ದಿನ ಕಪ್ಪಗೆ ಹೋಗುತ್ತದೆ. ಅದು ದಿನದಿಂದ ದಿನಕ್ಕೆ ತಿಳಿಯಾಗಬೇಕು. ಕಪ್ಪು ಹೆಚ್ಚಾದರೆ, ಕೆಂಪು ಕಂಡರೆ, ನಾಡಿ ಓಡತೊಡಗಿದರೆ ಆ ಕ್ಷಣವೇ ಕರೆಯಬೇಕು. ಆಗ ಹೊಟ್ಟೆ ಕೊಯ್ಯಬೇಕಾದೀತು, ಈ ಮೈಯಲ್ಲಿ ಅವರು ಅದನ್ನು ತಡೆಯುತ್ತಾರೆಂದು ಹೇಳಲಾರೆ. ಹುಣ್ಣಿನಲ್ಲಿ ರೋಗಾಣುವೂ ಇರಬಹುದು, ಅದಕ್ಕೆ ಬೇರೆ ಮಾತ್ರೆ ಬರೆಯುತ್ತೇನೆ. ನೋವಿನ ಮಾತ್ರೆಯನ್ನು ಮಾತ್ರ ಈ ಜನ್ಮದಲ್ಲಿ ನಮ್ಮನ್ನು ಕೇಳದೆ ಮುಟ್ಟಕೂಡದು.

ಪ್ರತಿ ಸಲದ ಬಣ್ಣವನ್ನೂ ಯಾರಾದರೂ ನೋಡಿ ನಮಗೆ ಹೇಳಬೇಕು ಎಂದಳು ನರ್ಸು, ವಿಮಲಮ್ಮನ ಕಡೆ ತಿರುಗಿ.

"ನಾನಲ್ಲ, ಇವರು ನೋಡ್ತಾರೆ," ಎಂದಳು ವಿಮಲಮ್ಮ.

ಬೆಳ್ಳಿಯಪ್ಪ ಬೆಚ್ಚಿಬಿದ್ದ. ಇದು ಹೆಂಗಸರ ವಾರ್ಡು, ಬೇರೆಯವರು ಏನಂದುಕೊಳ್ಳುತ್ತಾರೆ ಎಂದ. ವಾರ್ಡಿನ ಒಳಗೆ ಬರುವುದು ಬೇಡ, ಪರದೆಯಾಚೆಯಿಂದ ನಾನು ಬೆಡ್‌ಪ್ಯಾನು ಕೊಡುತ್ತೇನೆ, ಜಗುಲಿಯ ಕೊನೆಗೆ ಒಯ್ದು ಬೆಳಕಿನಲ್ಲಿ ನೋಡಿ, ತೊಳೆದು ತನ್ನಿ ಎಂದಳು ವಿಮಲಮ್ಮ. ರಾಮಮ್ಮ ಕಣ್ಣು ಮುಚ್ಚಿಕೊಂಡೇ, ಅವರ ಕೈಲಿ ಬೇಡ ಕಣೇ, ಪಾಪ ಬರ್ತದೆ ಎಂದಳು. ಅಕ್ಕನಿಗೆ ಹುಟ್ಟಿದಾಗಿನಿಂದ ಯಾವತ್ತೂ ಗದರದ ವಿಮಲಮ್ಮ ಅವತ್ತು ಗದರಿದಳು. "ಬಾಯಿ ಮುಚ್ಚು. ನೀನು ನಾಚ್ಕೊಂಡು ಸಾಯಕ್ಕೆ ಹೋಗಿದ್ದೆ. ಇನ್ನು ಈ ಆಸ್ಪತ್ರೇಲಿ ನಾಚ್ಕೊಳ್ಳೋ ಸರದಿ ನಿಂದಲ್ಲ."

ಮೊದಲ ಸಲ ಬೆಳ್ಳಿಯಪ್ಪ ಮುಖ ಅತ್ತ ತಿರುಗಿಸಿಕೊಂಡು ಒಯ್ದ. ಬಂದು, ಕಪ್ಪಗಿದೆ ಎಂದ. ಎಷ್ಟು ಕಪ್ಪು ಎಂದು ನರ್ಸು ಕೇಳಿದ್ದಕ್ಕೆ, ಕಪ್ಪೇ ಎಂದ. ನೋಡದೆ ಬಂದಿದ್ದೀರಿ ಎಂದು ಅವಳು ಬೈದಳು. ಎರಡನೆಯ ಸಲ ನೋಡಿದ. ನೋಡಿದವನು ಬೇಗ ಬರಲಿಲ್ಲ. ಬಂದಾಗ ಅವನ ಮುಖ ಬೇರೆಯಾಗಿತ್ತು. ಡಾಂಬರು, ವಿಮಲಾ, ಬರೀ ಡಾಂಬರು ಎಂದ. ಇಷ್ಟನ್ನು ಒಳಗಿಟ್ಟುಕೊಂಡು ಇವಳು ಕುಯ್ಲು ಮಾಡುತ್ತಿದ್ದಳ ಎಂದು ತನಗೆ ತಾನೇ ಕೇಳಿಕೊಂಡ. ವಿಮಲಮ್ಮನಿಗೆ ಅವನನ್ನು ಸಮಾಧಾನ ಮಾಡಬೇಕೆನಿಸಲಿಲ್ಲ.

ಜಾವಳಿಯಲ್ಲಿ ಅವರ ತೋಟದ ಮುಯ್ಯಿ ನಡೆಯಿತಂತೆ, ಕೃಷ್ಣಮ್ಮನವರೇ ನಿಂತು ಅಡಿಗೆ ಮಾಡಿಸಿದರಂತೆ. ಮುಸ್ತಫಾ ಬಂದು ಸುದ್ದಿ ಹೇಳಿದ. ಬೆಳ್ಳಿಯಪ್ಪ ಎಷ್ಟು ಹಣ್ಣಾಯಿತು ಎಂದು ಕೇಳಲಿಲ್ಲ. ಅವನ ಕಿವಿ ಪರದೆಯ ಕಡೆಗಿತ್ತು. ನಡುವೆ ಒಂದು ದಿನ ರಾಮಮ್ಮನ ನಾಡಿ ಮತ್ತೆ ಓಡಿತು. ಇನ್ನೊಂದು ಬಾಟಲಿ ರಕ್ತ ಏರಿತು. ಆಮೇಲೆ ರಕ್ತ ಸುರಿಯುವುದು ನಿಂತಿತು. ಗಂಜಿ ಕೊಡಬಹುದು ಎಂದರು.

ಗಂಜಿ ಕೊಟ್ಟ ಮಾರನೆಯ ಬೆಳಿಗ್ಗೆ ಪರದೆಯಾಚೆ ಕೈ ಚಾಚಿ ಬೆಳ್ಳಿಯಪ್ಪ ಬೆಡ್‌ಪ್ಯಾನು ಇಸಿದುಕೊಂಡು ಜಗುಲಿಯ ಕೊನೆಗೆ ಹೋದ. ವಿಮಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆತ ಕಿಟಕಿಯ ಬಿಸಿಲಿಗೆ ಹಿಡಿದು ಒಮ್ಮೆ ನೋಡಿದ, ಇನ್ನೊಮ್ಮೆ ಓರೆ ಮಾಡಿ ನೋಡಿದ. ತೊಳೆಯದೆ ಹಾಗೇ ಹಿಡಿದುಕೊಂಡು ಬಂದ.

"ಕಪ್ಪಿಲ್ಲ," ಎಂದ ಮೆಲ್ಲಗೆ.

"ಮತ್ತೆಂತ ಬಣ್ಣ?"

ಜಗುಲಿಯಲ್ಲಿ ಜನ ಕೂತಿದ್ದರು. ಆತ ಅವರನ್ನು ನೋಡಿದ. "ಹಳದಿ. ಮಾಮೂಲಿ ಹಳದಿ."

"ಅಂಟು?"

"ಇಲ್ಲ."

"ಎಲ್ಲೂ ಕೆಂಪು ಇಲ್ವ, ಸರಿಯಾಗಿ ನೋಡಿದ್ರ?"

"ಎರಡು ಸಲ ನೋಡ್ದೆ ವಿಮಲಾ. ಇಲ್ಲ."

ವಿಮಲಮ್ಮನ ಸಿಟ್ಟು ಮಾತ್ರ ಹಾಗೇ ಇತ್ತು. ಅಕ್ಕ ಉಳಿದಳೆಂದು ಅದು ಇಳಿಯುವಂಥದ್ದಲ್ಲ; ಅಕ್ಕ ಉಳಿದದ್ದರಿಂದಲೇ ಇನ್ನು ಅದನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದಿತ್ತು.

"ನನ್ನ ಹತ್ರ ಪಿಸುಗುಟ್ಟಿ ಎಂತ ಮಾಡ್ತೀರಿ," ಎಂದಳು. "ನರ್ಸು ಆ ತುದೀಲಿ ಇದ್ದಾರೆ. ಅವರಿಗೆ ಕೇಳೋ ಹಂಗೆ ಹೇಳಿ."

ಬೆಳ್ಳಿಯಪ್ಪ ಬೆಡ್‌ಪ್ಯಾನನ್ನು ಎರಡೂ ಕೈಯಲ್ಲಿ ಹಿಡಿದು, ಕೂತವರ ನಡುವೆ ದಾರಿ ಮಾಡಿಕೊಂಡು ಹೋಗುತ್ತ, ತನ್ನ ಹೆಂಡತಿಯ ಹೊಟ್ಟೆಯಿಂದ ಯಾವ ಬಣ್ಣ ಬಂದಿದೆಯೆಂದು ಗಟ್ಟಿಯಾಗಿ ಹೇಳಿದ.